ಇದ್ದೇವೆ, ಇದ್ದೆವು

ಸೋದರಿಯರೇ, ನಲವತ್ತಾರನೆಯ ವಯಸ್ಸಿನಲ್ಲಿ ನಾನು ಸ್ಪ್ಯಾನಿಷ್ ಭಾಷೆಯ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದೆ ಎಂದರೆ ನೀವು ನಗುತ್ತೀರಿ. ನಗಿ, ನಮ್ಮವರೂ ನಕ್ಕರು. "ಹಳಿಯಾಳಕ್ಕೆ ಹೋದ್ರೆ ಮರಾಠಿ, ಜೋಯಿಡಾಕ್ಕೆ ಹೋದ್ರೆ ಕೊಂಕಣಿ, ಮುಂಡಗೋಡಕ್ಕೆ ಹೋದ್ರೆ ಟಿಬೆಟನ್ನರ ಮಾತು. ಇಷ್ಟು ಸಾಲದೂ ಅಂತ ದಾಂಡೇಲಿಗೆ ಇದೊಂದು ಬೇರೆ ತಂದ್ಯಾ?" ಎಂದರು.

ತಂದವಳು ನಾನಲ್ಲ, ನನ್ನ ಮಗಳು. ಧಾರವಾಡದಲ್ಲಿ ಓದುತ್ತಿದ್ದಾಳೆ. ಸುಮಾರು 20 ದೇಶಗಳಲ್ಲಿ ನಡೆಯುವ ಭಾಷೆ, ಕಲಿತರೆ ಕೆಲಸಕ್ಕೆ ಅನುಕೂಲ ಎಂದು ತಾನಾಗಿಯೇ ಕಲಿಯಲು ಕೂತಿದ್ದಾಳೆ. ರಜೆಗೆ ಬಂದಾಗ ಒಂದು ದಿನ ನನ್ನ ಕೈಗೆ ನೋಟ್‌ಬುಕ್ ಕೊಟ್ಟು, "ಅಮ್ಮಾ, ನಾನು ಒಪ್ಪಿಸ್ತೀನಿ, ತಪ್ಪಿದ್ರೆ ಹೇಳು" ಎಂದಳು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಕಂಡರೆ ಈಗಲೂ ಎದೆ ಡವಡವ ಅನ್ನುತ್ತದೆ. ಅದಕ್ಕೆ ಅವಳು ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಟ್ಟಳು. ನಾನು ಅಕ್ಕಿ ಆರಿಸುತ್ತಾ ಕೂತೆ, ಅವಳು ಶುರುಮಾಡಿದಳು.

ಅವತ್ತಿನ ಪಾಠ ಭೂತಕಾಲ. ಅವರ ಕ್ರಿಯಾಪದಗಳಿಗೆಲ್ಲ ಆರ್, ಏರ್, ಈರ್ ಎಂಬ ಮೂರೇ ಬಾಲವಂತೆ. ಆಬ್ಲಾರ್ ಎಂದರೆ ಮಾತಾಡು, ಕೊಮೇರ್ ಎಂದರೆ ತಿನ್ನು, ಬಿಬೀರ್ ಎಂದರೆ ಬದುಕು, ವಾಸಿಸು. ಭೂತಕಾಲ ಮಾಡಬೇಕಾದರೆ ಬದನೆಕಾಯಿಯ ತೊಟ್ಟು ತೆಗೆದ ಹಾಗೆ ಆ ಬಾಲ ತೆಗೆಯಬೇಕು, ಆ ಜಾಗಕ್ಕೆ ಬೇರೆ ಬಾಲ ಹಚ್ಚಬೇಕು. ಆಬ್ಲೇ ಎಂದರೆ ಮಾತಾಡಿದೆನು. ಆಬ್ಲಾಸ್ತೆ, ನೀನು ಮಾತಾಡಿದೆ. ಆಬ್ಲೋ, ಮಾತಾಡಿದನು. ಆಬ್ಲಾಮೊಸ್, ಮಾತಾಡಿದೆವು. ಆಬ್ಲಾಸ್ತೈಸ್, ನೀವೆಲ್ಲ ಮಾತಾಡಿದಿರಿ. ಆಬ್ಲಾರೊನ್, ಮಾತಾಡಿದರು. ಏರ್ ಮತ್ತು ಈರ್ ಎಂಬ ಉಳಿದೆರಡು ಜಾತಿಗೆ ಒಂದೇ ಬಾಲ ಸಾಕು. ಕೊಮೀ, ತಿಂದೆನು. ಬಿಬೀ, ಬದುಕಿದೆನು. ಕೊಮಿಯೋ, ತಿಂದನು. ಬಿಬಿಯೋ, ಬದುಕಿದನು.

ಕೇಳುತ್ತಾ ಕೇಳುತ್ತಾ ನನಗೆ ನನ್ನ ಶಾಲೆಯೇ ಕಣ್ಣಮುಂದೆ ಬಂತು. ನಮ್ಮ ಮನೆಮಾತು ಕೊಂಕಣಿ. ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು. ಮಾಡಿದೆನು, ಮಾಡಿದೆವು, ಮಾಡಿದನು, ಮಾಡಿದಳು, ಮಾಡಿದರು ಎಂದು ಮಗ್ಗಿಯ ಹಾಗೆ ಕೂಗಿ ಕೂಗಿ ಕಲಿತೆವು. ಅಲ್ಲಿಯೂ ಬಾಲ ನೋಡಿದರೆ ಸಾಕು, ಮಾಡಿದವರು ಯಾರು ಎಂದು ತಿಳಿಯುತ್ತದೆ. ನಾನು, ನೀನು ಎಂದು ಬೇರೆ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ. ಕನ್ನಡದಲ್ಲಿ ಹೋದನು, ಹೋದಳು. ಕೊಂಕಣಿಯಲ್ಲಿ ಗೆಲೊ, ಗೆಲಿ. ಸ್ಪ್ಯಾನಿಷಿನಲ್ಲಿ ಗಂಡಸು ಮಾತಾಡಿದರೂ ಆಬ್ಲೋ, ಹೆಂಗಸು ಮಾತಾಡಿದರೂ ಆಬ್ಲೋ. ಹಿರಿಯರಿಗೆ 'ತಾವು' ಎನ್ನುವಾಗಲೂ ಅದೇ ಆಬ್ಲೋ!

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. "ಅಜ್ಜಿ ಮಾತಾಡಿದಳು ಅಂತ ಹೇಳು ನೋಡೋಣ" ಎಂದಳು ಮಗಳು. ನಾನು ಧೈರ್ಯವಾಗಿ "ಆಬ್ಲೊ" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಮೊದಲಿನ ಅಕ್ಷರ ಒತ್ತಿ ಆಬ್ಲೊ ಎಂದರೆ 'ನಾನು ಮಾತಾಡುತ್ತೇನೆ' ಎಂದಂತೆ. ಕೊನೆಯ ಅಕ್ಷರ ಒತ್ತಿ ಆಬ್ಲೋ ಎಂದರೆ ಮಾತ್ರ 'ಮಾತಾಡಿದಳು'. ಬರೆಯುವಾಗ ಆ ಕೊನೆಯ ಅಕ್ಷರದ ತಲೆಯ ಮೇಲೊಂದು ಓರೆ ಗೀಟು ಇಡುತ್ತಾರೆ. ಅಷ್ಟು ಸಣ್ಣ ಗೀಟಿನಿಂದ ನಾನು ಅಜ್ಜಿಯಾಗುತ್ತೇನೆ, ಇವತ್ತು ನಿನ್ನೆಯಾಗುತ್ತದೆ.

ಇಷ್ಟಾದರೆ ನಿಮಗೆ ಇದನ್ನೆಲ್ಲ ಬರೆಯುತ್ತಿರಲಿಲ್ಲ. ಈಗ ನಮ್ಮ ಆಯಿಯ ಸುದ್ದಿ ಹೇಳಬೇಕು.

ನನ್ನ ತವರು ಸುಪಾ. ಕಾಳಿ ನದಿಗೆ ಪಾಂಢರಿ ನದಿ ಸೇರುವಲ್ಲಿ ಇದ್ದ ಊರು, ಆಗ ತಾಲೂಕಿನ ಮುಖ್ಯ ಸ್ಥಳ. ಕಾಳಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಊರು ನೀರಿನಡಿ ಹೋಯಿತು, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನಮ್ಮ ಮನೆಯವರು ಅದಕ್ಕೂ ಮೊದಲೇ ಪಾತ್ರೆ ಪಗಡಿ ಕಟ್ಟಿಕೊಂಡು ರಾಮನಗರಕ್ಕೆ ಬಂದಿದ್ದರು. ನಾನಾಗ ಸಣ್ಣವಳು. ನನಗೆ ನೆನಪಿರುವುದು ಮನೆಯ ಜಗಲಿ ಮತ್ತು ಹೊಳೆಯ ಸದ್ದು, ಅಷ್ಟೇ.

ಎರಡು ವರ್ಷದಿಂದ ಆಯಿ ನಮ್ಮಲ್ಲೇ ಇದ್ದಾಳೆ. ಮರೆವು ಹೆಚ್ಚಾಗಿದೆ. ಸಂಜೆ ನಾಲ್ಕು ಗಂಟೆಯಾದರೆ ಸೀರೆಯ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಅವಳು ಕೊಂಕಣಿಯಲ್ಲಿ ಹೇಳುವುದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. "ನಡಿಯೇ, ಸುಪಾಕ್ಕೆ ಹೋಗೋಣ. ದನ ಮನೆಗೆ ಬರೋ ಹೊತ್ತಾಯ್ತು. ನಾವು ಅಲ್ಲೇ ಇದ್ದೇವಲ್ಲ, ಇಲ್ಲ್ಯಾಕೆ ಕೂತಿದ್ದೀವಿ?"

"ಇದ್ದೇವೆ ಅಲ್ಲ ಆಯಿ, ಇದ್ದೆವು. ಸುಪಾ ಎಲ್ಲಿದೆ ಈಗ? ಮುಳುಗಿ ಹೋಯ್ತಲ್ಲ!" ಎಂದು ನಾನು ತಿದ್ದುತ್ತಿದ್ದೆ. ತಿದ್ದಿದರೆ ಅವಳಿಗೆ ನೆನಪು ಬಂದೀತು ಎಂದೇ ನನ್ನ ಎಣಿಕೆ. ಆದರೆ ನೆನಪು ಬರುತ್ತಿರಲಿಲ್ಲ ಸೋದರಿಯರೇ, ಅವಳಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. "ಮುಳುಗಿತಾ? ಯಾವಾಗ?" ಎಂದು ಮುಖ ಸಣ್ಣಗೆ ಮಾಡಿ ಕೂತುಬಿಡುತ್ತಿದ್ದಳು. ರಾತ್ರಿ ಊಟಕ್ಕೂ ಏಳುತ್ತಿರಲಿಲ್ಲ. ಮರುದಿನ ನಾಲ್ಕಕ್ಕೆ ಮತ್ತೆ ಅದೇ ಮಾತು, ಮತ್ತೆ ನನ್ನ ಅದೇ ತಿದ್ದುಪಡಿ.

ಅಕ್ಕಿ ಆರಿಸಿದ ಆ ದಿನವೇ ಮಗಳು ಬಿಬೀರ್ ಶಬ್ದವನ್ನು ಒಪ್ಪಿಸುತ್ತಾ 'ಬಿಬೀಮೊಸ್' ಎಂದಳು. ನೋಟ್‌ಬುಕ್ ನೋಡಿದೆ. ಹಿಂದಿನ ಪುಟದ ವರ್ತಮಾನಕಾಲದಲ್ಲೂ ಬಿಬೀಮೊಸ್, ಈ ಪುಟದ ಭೂತಕಾಲದಲ್ಲೂ ಬಿಬೀಮೊಸ್. "ತಪ್ಪು ಬರೆದಿದ್ದೀಯ" ಎಂದೆ, ಒಂದು ತಪ್ಪಾದರೂ ಹಿಡಿದೆನಲ್ಲ ಎಂಬ ಖುಷಿಯಿಂದ. "ಇಲ್ಲಮ್ಮ, ಅದು ಸರೀನೇ. ವಾಸಿಸುತ್ತೇವೆ ಅನ್ನೋಕೂ ಅದೇ, ವಾಸಿಸಿದೆವು ಅನ್ನೋಕೂ ಅದೇ. 'ನಾವು' ಅನ್ನುವಾಗ ಆರ್, ಈರ್ ಎರಡು ಜಾತಿಗೂ ಹೀಗೇ. ಕೊಮೇರ್ ಮಾತ್ರ ಬೇರೆ. ಕೊಮೇಮೊಸ್ ತಿನ್ನುತ್ತೇವೆ, ಕೊಮೀಮೊಸ್ ತಿಂದೆವು."

"ಹಾಗಾದ್ರೆ ಕೇಳಿದವರಿಗೆ ಹೇಗೆ ತಿಳೀಬೇಕು?"

"ಪಕ್ಕದ ಮಾತಿಂದ. ಅಯೇರ್, ಅಂದ್ರೆ ನಿನ್ನೆ, ಅಂತ ಸೇರಿಸಿದ್ರೆ ಮುಗಿದುಹೋದದ್ದು. ಸೇರಿಸದಿದ್ರೆ ಹೇಳೋರ ಮನಸ್ಸಿನಲ್ಲಿ ಏನಿದೆಯೋ ಅದು."

ನನ್ನ ಕೈ ಮೊರದಲ್ಲೇ ನಿಂತಿತು. ಅಷ್ಟೊಂದು ದೇಶದ ಜನ 'ಇದ್ದೇವೆ', 'ಇದ್ದೆವು' ಎರಡಕ್ಕೂ ಒಂದೇ ಮಾತು ಇಟ್ಟುಕೊಂಡು ಬಾಳುತ್ತಿರುವಾಗ, ನಾನೊಬ್ಬಳು ದಿನಾ ಸಂಜೆ ಹೆತ್ತ ತಾಯಿಗೆ 'ನಿನ್ನೆ' ಎಂಬ ಮಾತು ಸೇರಿಸಿ ಸೇರಿಸಿ ಹೇಳುತ್ತಿದ್ದೆನಲ್ಲ! ಅವಳ ಊರನ್ನು ನೀರು ಒಮ್ಮೆ ಮುಳುಗಿಸಿತ್ತು. ನಾನು ದಿನಕ್ಕೊಮ್ಮೆ ಮುಳುಗಿಸುತ್ತಿದ್ದೆ.

ಅಂದು ನಾಲ್ಕು ಗಂಟೆಗೆ ಆಯಿ ಬಾಗಿಲಿಗೆ ಬಂದಳು. "ನಾವು ಸುಪಾದಲ್ಲೇ ಇದ್ದೇವಲ್ಲ" ಎಂದಳು. ನಾನು ತಿದ್ದಲಿಲ್ಲ. ಕೈಹಿಡಿದು ಕೂರಿಸಿ, "ಹೌದು ಆಯಿ. ನಮ್ಮ ಮನೆಯಿಂದ ಹೊಳೆಗೆ ಯಾವ ಕಡೆಯಿಂದ ಇಳೀತೇವೆ, ಸ್ವಲ್ಪ ಹೇಳು" ಎಂದೆ. ಅವಳ ಮುಖ ನೋಡಬೇಕಿತ್ತು ನೀವು! ಹಿತ್ತಲ ಹಲಸಿನ ಮರ, ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು, ಮಳೆಗಾಲದಲ್ಲಿ ಎರಡು ಹೊಳೆಯ ನೀರು ಬೇರೆ ಬೇರೆ ಬಣ್ಣವಾಗಿ ಬರುವುದು, ಎಲ್ಲ ಹೇಳಿದಳು. ಇವುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಮಗಳು ಸ್ಪ್ಯಾನಿಷ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದನ್ನೆಲ್ಲ ಬರೆದುಕೊಂಡಳು. ಅಂದು ರಾತ್ರಿ ಆಯಿ ಕರೆಯದೆಯೇ ಊಟಕ್ಕೆ ಬಂದಳು.

ರಜೆ ಮುಗಿಸಿ ಮಗಳು ಧಾರವಾಡಕ್ಕೆ ಹೋದಳು. ನನಗೆ ಕ್ರಿಯಾಪದಗಳು ಅರ್ಧ ಮರೆತುಹೋಗಿವೆ. ಆದರೂ ನಿಮ್ಮ ಮಕ್ಕಳು ಪುಸ್ತಕ ಹಿಡಿದುಕೋ ಎಂದರೆ, ನಮಗೇನು ತಿಳಿಯುತ್ತದೆ ಎಂದು ಎದ್ದು ಹೋಗಬೇಡಿ, ಕೂತು ಕೇಳಿ. ಮನೆಯಲ್ಲಿ ಆಯಿಯಂಥವರಿದ್ದರೆ ಅವರ ಕಾಲವನ್ನು ತಿದ್ದಲೂ ಹೋಗಬೇಡಿ.

ನಾಲ್ಕು ಗಂಟೆಯಾಗುತ್ತಾ ಬಂತು. ಚಹಾಕ್ಕಿಟ್ಟು ಬರುತ್ತೇನೆ, ನಾವು ಸುಪಾಕ್ಕೆ ಹೋಗಬೇಕು.