ಗುಂಗುರು ಕೂದಲಿನ ಹ್ಯಾಮ್‌ಸ್ಟರ್ ಮತ್ತು ನಮ್ಮ ಸೀಮೆಯ ಬಿಸಿಲು

ಕಲಬುರಗಿ ಜಿಲ್ಲೆಯ ಬಿಸಿಲನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಉಷ್ಣಾಂಶ 42 ಡಿಗ್ರಿಯನ್ನು ಮುಟ್ಟುವುದು ವಿಶೇಷವೇನಲ್ಲ. ಇಂತಹ ನಾಡಿಗೆ ಹ್ಯಾಮ್‌ಸ್ಟರ್ ಎಂಬ ಅಂಗೈಯಗಲದ ಪ್ರಾಣಿಯೊಂದು ಅತಿಥಿಯಾಗಿ ಬಂದರೆ ಅದರ ಗತಿಯೇನು? ಸೇಡಂನಲ್ಲಿರುವ ನನ್ನ ಮೊಮ್ಮಗ ಹೈದರಾಬಾದಿನಿಂದ ಒಂದನ್ನು ತಂದಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡತೊಡಗಿತು.

ಅದರ ಮೈಗೂದಲು ಕುರಿಮರಿಯ ಉಣ್ಣೆಯಂತೆ ಗುಂಗುರು; ಮೀಸೆಯೂ ಸುರುಳಿ. ‘ಅಜ್ಜಾ, ಇದಕ್ಕ ಯಾರು ಕೂದಲಾ ಸುತ್ತ್ಯಾರ?’ ಎಂದು ಹುಡುಗ ಕೇಳಿದ. ಯಾರೂ ಸುತ್ತಿದ್ದಲ್ಲ. ‘ರೆಕ್ಸ್’ ಎಂದು ಕರೆಯುವ ಈ ಲಕ್ಷಣ ವಂಶವಾಹಿಯಲ್ಲಾದ ಒಂದು ಬದಲಾವಣೆಯ ಫಲ. ಸಿರಿಯಾ ಮೂಲದ ಹ್ಯಾಮ್‌ಸ್ಟರುಗಳಲ್ಲಿ ತಾಯಿ, ತಂದೆ ಇಬ್ಬರಿಂದಲೂ ಆ ಗುಣ ಬಂದಾಗ ಮಾತ್ರ ಮರಿ ಗುಂಗುರಾಗುತ್ತದೆ. ನಮ್ಮ ಕಣ್ಣಿಗೆ ಚೆಲುವಾಗಿ ಕಾಣುವ ಈ ಸುರುಳಿ ರೆಪ್ಪೆಗೂದಲಿಗೂ ಬಂದರೆ ಅದು ಒಳಕ್ಕೆ ಬಾಗಿ ಕಣ್ಣನ್ನು ಉಜ್ಜಬಹುದು. ಆದ್ದರಿಂದ ಇಂತಹ ಪ್ರಾಣಿಯ ಕಣ್ಣುಗಳನ್ನು ದಿನವೂ ನೋಡಬೇಕು. ನೀರು ಸುರಿದರೆ, ಕೆಂಪಾದರೆ, ಪಶುವೈದ್ಯರಿಗೆ ತೋರಿಸಬೇಕು. ಕೂದಲನ್ನು ನೀರಿನಲ್ಲಿ ತೊಳೆಯಲೇಬಾರದು. ಧೂಳಿಲ್ಲದ ಶುದ್ಧ ಮರಳನ್ನು ಒಂದು ತಟ್ಟೆಯಲ್ಲಿಟ್ಟರೆ ಅದೇ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ.

‘ಸಿರಿಯಾ ಅಂದರೆ ಬಿಸಿಲ ನಾಡೇ ತಾನೆ, ನಮ್ಮ ಬಿಸಿಲು ಅದಕ್ಕೇನು ಮಹಾ?’ ಎಂದು ನೆರೆಯವರೊಬ್ಬರು ವಾದಿಸಿದರು. ಉತ್ತರ ಇತಿಹಾಸದಲ್ಲಿದೆ. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರು ಅಲೆಪ್ಪೊ ನಗರದ ಬಳಿಯ ಹೊಲವೊಂದರಲ್ಲಿ ಬಿಲ ಅಗೆಸಿ, ಆಳದಲ್ಲಿದ್ದ ತಾಯಿ ಮತ್ತು ಮರಿಗಳನ್ನು ಹಿಡಿದರು. ಇಂದು ಲೋಕದಾದ್ಯಂತ ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರುಗಳು ಬಹುಪಾಲು ಆ ಒಂದೇ ಸಂಸಾರದ ಸಂತತಿ. ತವರಿನಲ್ಲಾದರೋ ಈ ಜೀವಿ ಈಗ ಅಳಿವಿನ ಅಪಾಯದಲ್ಲಿದೆ. ಅದು ಬಿಸಿಲನ್ನು ಸಹಿಸಿ ಬದುಕಿದ್ದಲ್ಲ, ಬಿಸಿಲೇರಿದ ಹೊತ್ತಿನಲ್ಲಿ ನೆಲದಾಳದ ತಂಪಿನಲ್ಲಿ ಮಲಗಿ ಬದುಕಿದ್ದು. ನಮ್ಮ ಎರೆಹೊಲದ ಇಲಿಗಳೂ ಹಾಗೆಯೇ ಅಲ್ಲವೇ? ಪಂಜರದಲ್ಲಿಟ್ಟಾಗ ನಾವು ಕಸಿದುಕೊಂಡದ್ದು ಆ ಆಳವನ್ನು. ಸುಮಾರು 20ರಿಂದ 24 ಡಿಗ್ರಿಯಲ್ಲಿ ಹಿತವಾಗಿರುವ ಈ ಜೀವಕ್ಕೆ 30 ದಾಟಿದರೆ ಸಂಕಟ, ಇನ್ನೂ ಏರಿದರೆ ಮರಣ.

ಆ ಆಳವನ್ನು ಮನೆಯೊಳಗೇ ಒದಗಿಸಬೇಕಾಯಿತು. ಮೂರಡಿಗೂ ಮಿಕ್ಕ ಉದ್ದದ ಪೆಟ್ಟಿಗೆಯಲ್ಲಿ ಒಂದು ಗೇಣು ದಪ್ಪ ಕಾಗದದ ಚೂರುಗಳನ್ನು ತುಂಬಿದೆವು. ಅದು ಸುರಂಗ ಕೊರೆಯಿತು. ಹತ್ತಿಯನ್ನು ಹಾಕಲಿಲ್ಲ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಂದು ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿದೆವು. ಮತ್ತೊಂದು ಉಪಾಯ ನಮ್ಮ ಸೀಮೆಯದೇ: ಒಂದು ತುಂಡು ಶಹಾಬಾದ ಫರಸಿ. ತಲೆಮಾರುಗಳಿಂದ ನಮ್ಮ ಬೆನ್ನಿಗೆ ಬೇಸಿಗೆಯಲ್ಲಿ ತಂಪು ಕೊಟ್ಟ ಆ ಸುಣ್ಣಕಲ್ಲಿನ ಮೇಲೆ ಈ ಪರದೇಶಿಯೂ ಹೊಟ್ಟೆ ಚಾಚಿ ಮಲಗಿತು. ಕಡುಬೇಸಿಗೆಯಲ್ಲಿ ಕಲ್ಲೊಂದೇ ಸಾಲದು. ಮನೆಯ ಅತ್ಯಂತ ತಂಪಾದ ಕೋಣೆ ಬೇಕು, ಕೂಲರಿನ ಗಾಳಿ ನೇರವಾಗಿ ಬೀಸಬಾರದು, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಪಕ್ಕದಲ್ಲಿರಬೇಕು. ಪ್ರಾಣಿ ಚಪ್ಪಟೆಯಾಗಿ ಬಿದ್ದು ವೇಗವಾಗಿ ಉಸಿರಾಡಿದರೆ ತಣ್ಣೀರಿನಲ್ಲಿ ಅದ್ದಬಾರದು. ತಂಪಿನ ಜಾಗಕ್ಕೆ ಒಯ್ದು ಕೂಡಲೇ ವೈದ್ಯರನ್ನು ಕಾಣಬೇಕು.

ಆಹಾರ ಸುಲಭ. ಜೋಳ, ಸಜ್ಜೆ, ನವಣೆ, ಎಣಿಸಿದಷ್ಟು ಸೂರ್ಯಕಾಂತಿ ಬೀಜ, ಒಂದು ಚೂರು ಸೌತೆಕಾಯಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣು, ಚಾಕಲೇಟು ವರ್ಜ್ಯ. ಬಾಚಿಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಕಡಿಯಲು ಕಟ್ಟಿಗೆಯ ತುಂಡು ಬೇಕು. ಓಡುವ ಚಕ್ರ ಹತ್ತು ಹನ್ನೊಂದು ಅಂಗುಲದ ಅಡ್ಡಳತೆಯದಾಗಿದ್ದು, ಸಂದಿಯಿಲ್ಲದ್ದಾಗಿರಬೇಕು. ಚಿಕ್ಕದಾದರೆ ಬೆನ್ನು ಬಾಗುತ್ತದೆ.

ಕಷ್ಟವಾದದ್ದು ಆಹಾರವಲ್ಲ, ಅಕ್ಕರೆಯನ್ನು ತಿದ್ದುವುದು. ಬಂದ ನೆಂಟರಿಗೆಲ್ಲ ತೋರಿಸಲು ಹುಡುಗ ಹಗಲಿನಲ್ಲಿ ಅದನ್ನು ಎಬ್ಬಿಸುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನೆನಪಿಸಿದೆ. ಇಲ್ಲಿ ಬೆಕ್ಕು ಯಾರೆಂದು ಅವನೇ ಅರ್ಥ ಮಾಡಿಕೊಂಡ. ‘ಒಂಟಿಜೀವ, ಪಾಪ, ಜೋಡಿ ತರಿಸಿರಿ’ ಎಂದು ಮನೆಯ ಹೆಂಗಸರು ಮರುಗಿದರು. ಅದು ನಮ್ಮ ಒಂಟಿತನದ ಮಾತು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರಿಗೆ ಒಂಟಿತನವೇ ನೆಮ್ಮದಿ. ಜೊತೆಗಿಟ್ಟರೆ ಸಾಯುವವರೆಗೂ ಕಾದಾಡಬಲ್ಲವು. ಒಂದು ಜೀವವನ್ನು ಪ್ರೀತಿಸುವುದೆಂದರೆ ಅದು ನಮ್ಮಂತಲ್ಲವೆಂದು ಅರಿಯುವುದು. ನಾಲ್ವತ್ತು ಮಕ್ಕಳ ತರಗತಿಯಲ್ಲಿ ನಿಂತವರಿಗೆ ಈ ಪಾಠ ಹೊಸದಲ್ಲ.

ಇದರ ಆಯುಷ್ಯ ಎರಡರಿಂದ ಮೂರು ವರ್ಷ ಮಾತ್ರ. ಅಷ್ಟರಲ್ಲಿ ಎರಡು ಬೇಸಿಗೆಯಾದರೂ ಬರುತ್ತವೆ. ನಮ್ಮ ಭಾಗದಲ್ಲಿ ಸಾಕಬಯಸುವವರು ಗುಂಗುರು ಕೂದಲನ್ನು ನೋಡಿ ಮಾರುಹೋಗುವ ಮೊದಲು, ಮೇ ತಿಂಗಳ ಮಧ್ಯಾಹ್ನ ತಮ್ಮ ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿ ಒಂದು ಉಷ್ಣಮಾಪಕ ಇಟ್ಟು ನೋಡಲಿ. ಅದು ತೋರಿಸುವ ಅಂಕಿಯನ್ನು ಇಳಿಸುವ ಅನುಕೂಲ ಇದ್ದರೆ ತರಲಿ, ಇಲ್ಲದಿದ್ದರೆ ಬೇಡ. ಹಾಗೆ ಬೇಡವೆನ್ನುವುದೂ ಆ ಜೀವದ ಮೇಲಿನ ಅಕ್ಕರೆಯೇ.