ಕೆಸರಿನಲ್ಲಿ ಹೂತ ಗಾಲಿ

ಕರ್ಣನ ರಥದ ಗಾಲಿ ನೆಲದಲ್ಲಿ ಹೂತ ಪ್ರಸಂಗವನ್ನು ನಾನು ಎಂಟು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಶಲ್ಯ ಮುನಿಸಿಕೊಂಡು ರಥವನ್ನು ಬಿಟ್ಟುಹೋದ ಮೇಲೆ, ಆ ಮಹಾವೀರ ಒಬ್ಬನೇ ಇಳಿದು ಗಾಲಿಗೆ ಕೈಹಾಕುವ ಭಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಶಾಪ, ವಿಧಿ, ಋಣ ಎಂದು ನಾನು ವಿಷಯವನ್ನು ನಾಲ್ಕು ದಿಕ್ಕಿಗೂ ಹಬ್ಬಿಸುತ್ತೇನೆ. ಒಮ್ಮೆ ಒಬ್ಬ ವಿದ್ಯಾರ್ಥಿ ಎದ್ದುನಿಂತು, “ಸಾರ್, ಅಷ್ಟು ದೊಡ್ಡ ಸೈನ್ಯದಲ್ಲಿ ಒಂದು ಹಗ್ಗ ಇರಲಿಲ್ಲವೆ?” ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಅವನನ್ನು ಗದರಿಸಿ ಕೂರಿಸಿದೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದ್ದಲ್ಲಿಗೆ ನನ್ನ ಕ್ಷಮಾಯಾಚನೆ ತಲುಪಲಿ.

ಕಳೆದ ಗೌರಿಹಬ್ಬಕ್ಕೆ ಶ್ರೀಮತಿಯನ್ನೂ ಏಳು ವರ್ಷದ ಮಗಳನ್ನೂ ಕರೆದುಕೊಂಡು ಮಾವನವರ ಮನೆಗೆ ಹೊರಟಿದ್ದೆ. ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ ಒಂದಷ್ಟು ದೂರ ಹೋಗಿ, ಡಾಂಬರು ರಸ್ತೆಯನ್ನು ಬಿಟ್ಟು ಎಡಕ್ಕೆ ತಿರುಗಿದರೆ ಆಮೇಲೆ ಮಣ್ಣಿನ ದಾರಿ. ಒಂದು ಕಡೆ ದರೆ, ಇನ್ನೊಂದು ಕಡೆ ಗದ್ದೆ. ಮಲೆನಾಡಿನ ಮಳೆಯನ್ನು ನೋಡಿದವರಿಗೆ ಆ ದಾರಿಯನ್ನು ವರ್ಣಿಸಬೇಕಾಗಿಲ್ಲ. ನೋಡದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಎದುರಿಗೆ ಬಂದ ದನಗಳಿಗೆ ದಾರಿ ಕೊಡಲು ಹೋಗಿ ನನ್ನ ಪುಟ್ಟ ಕಾರಿನ ಎಡಗಡೆಯ ಎರಡು ಗಾಲಿಗಳನ್ನೂ ದರೆಯ ಪಕ್ಕದ ಚರಂಡಿಗೆ ಇಳಿಸಿದೆ. ಹೊರಗೆ ಬರಲು ಎಂಜಿನ್ನಿನ ವೇಗವನ್ನು ಏರಿಸಿದಷ್ಟೂ ಗಾಲಿ ತಿರುಗಿ ತಿರುಗಿ ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಂಡಿತು. “ಶಲ್ಯ ಎಲ್ಲಿ ಹೋದ?” ಎಂದಳು ಶ್ರೀಮತಿ. ಪತಿಯ ಪಾಠವನ್ನು ಮನೆಯಲ್ಲಿ ಕೇಳಿ ಕೇಳಿ ಅವಳಿಗೂ ಕರ್ಣಪರ್ವ ಕಂಠಪಾಠವಾಗಿದೆ.

ಗದ್ದೆಯ ಆಚೆಯಿಂದ ಒಬ್ಬ ತರುಣ ಟ್ರ್ಯಾಕ್ಟರು ತಂದ. ಒಳ್ಳೆಯ ಹುಡುಗ, ಕರೆಯುವ ಮೊದಲೇ ಬಂದವನು. ಅವನ ಬಳಿ ಹೆಬ್ಬೆರಳು ಗಾತ್ರದ ನೈಲಾನ್ ಹಗ್ಗವಿತ್ತು. ಕಾರಿನ ಮುಂಭಾಗದ ಅಡಿಯಲ್ಲಿ ಕೈಗೆ ಸಿಕ್ಕ ಒಂದು ಕಬ್ಬಿಣದ ಪಟ್ಟಿಗೆ ನಾನು ಒಂದು ತುದಿಯನ್ನು ಗಂಟುಹಾಕಿದೆ. ಇನ್ನೊಂದು ತುದಿಯನ್ನು ಅವನು ಟ್ರ್ಯಾಕ್ಟರಿನ ಹಿಂದಿದ್ದ ಒಂದು ಕೊಕ್ಕೆಗೆ ಸಿಕ್ಕಿಸಿದ. ನಾನು ಚಾಲಕನ ಸ್ಥಾನದಲ್ಲಿ, ಪಕ್ಕದ ಸ್ಥಾನದಲ್ಲಿ ಮಗಳು. ಅಪ್ಪನ ಜೊತೆಗೆ ಕಾರನ್ನು ತಾನೂ ಎಬ್ಬಿಸುವೆನೆಂದು ಅವಳ ಹಟ. ಟ್ರ್ಯಾಕ್ಟರು ನಿಧಾನವಾಗಿ ಎಳೆದಾಗ ಕಾರು ಅಲುಗಲಿಲ್ಲ. “ಸ್ವಲ್ಪ ಹಿಂದೆ ಬಂದು ಒಮ್ಮೆ ಜಗ್ಗುತ್ತೇನೆ ಸಾರ್” ಎಂದ. ಜಗ್ಗಿದ. ಕಾರು ಒಮ್ಮೆ ನಡುಗಿ ಮತ್ತೆ ಕುಳಿತಿತು. ಆಗ ದರೆಯ ಮೇಲೆ ಒಂದು ಬಸವನಹುಳು ಹರಿಯುತ್ತಿದೆಯೆಂದು ಶ್ರೀಮತಿ ಕರೆದಳು. ಮಗಳು ಬಾಗಿಲು ತೆರೆದು ಓಡಿದಳು. ಎರಡನೆಯ ಸಲ ಅವನು ಇನ್ನೂ ಸ್ವಲ್ಪ ಹಿಂದೆ ಬಂದು, ಇನ್ನೂ ಸ್ವಲ್ಪ ವೇಗವಾಗಿ ಮುಂದೆ ಹೋದ.

ಬಂದೂಕು ಹಾರಿಸಿದಂತಹ ಸದ್ದು. ಏನಾಯಿತೆಂದು ತಿಳಿಯುವಷ್ಟರಲ್ಲಿ ಮುಂದಿನ ಗಾಜು ಬಿರಿದು, ನನ್ನ ಮೈಮೇಲೆಲ್ಲ ಗಾಜಿನ ಚೂರು. ಟ್ರ್ಯಾಕ್ಟರಿನ ಕೊಕ್ಕೆ ತನ್ನ ಬೋಲ್ಟಿನಿಂದ ಕಿತ್ತು, ಹಿಗ್ಗಿದ ಹಗ್ಗದ ಜೊತೆ ಹಿಂದಕ್ಕೆ ಹಾರಿ, ಗಾಜನ್ನು ತೂರಿಕೊಂಡು ಬಂದಿತ್ತು. ಎಡಗಡೆಯ ಆಸನದಲ್ಲಿ, ಎದೆ ಒರಗುವ ಎತ್ತರಕ್ಕೆ, ಬಟ್ಟೆಯನ್ನು ಹರಿದು ಒಳಗೆ ನೆಟ್ಟು ನಿಂತಿತ್ತು. ನಾನು ಅದನ್ನು ನೋಡಿದೆ. ಶ್ರೀಮತಿ ಓಡಿಬಂದು ಅದನ್ನು ನೋಡಿದಳು. ಇಬ್ಬರೂ ಮಾತಾಡಲಿಲ್ಲ. ಮಗಳು ಮಾತ್ರ ಅಂಗೈಯಲ್ಲಿ ಬಸವನಹುಳುವನ್ನು ಹಿಡಿದುಕೊಂಡು, “ಅಪ್ಪಾ, ಕಾರು ಒಡೆದುಹೋಯಿತೆ?” ಎಂದು ಕೇಳಿದಳು. ಟ್ರ್ಯಾಕ್ಟರಿನ ಹುಡುಗ ಇಳಿದು ಬಂದವನು ಹಾಗೆಯೇ ಕೆಸರಿನಲ್ಲಿ ಕುಳಿತುಬಿಟ್ಟ.

ಶ್ರೀಮತಿಯ ದೊಡ್ಡಪ್ಪನ ಮಗ, ನನಗೆ ಭಾವ, ಸುದ್ದಿ ತಿಳಿದು ತಮ್ಮ ಹಳೆಯ ಜೀಪಿನಲ್ಲಿ ಬಂದರು. ಅಡಿಕೆ ತೋಟದವರು, ಮಾತು ಕಡಮೆ. ಜೀಪಿನ ಮೂತಿಯ ಮೇಲೆ ವಿದ್ಯುತ್ತಿನಿಂದ ನಡೆಯುವ ಒಂದು ವಿಂಚು ಉಂಟು. ಅದನ್ನು ನಾನು ಅದುವರೆಗೆ ಅಲಂಕಾರವೆಂದೇ ತಿಳಿದಿದ್ದೆ. ಅವರು ಆಸನದೊಳಗಿನ ಕೊಕ್ಕೆಯನ್ನು ನೋಡಿ, ಮಗಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಬಳಿಕ ನನ್ನ ಕಡೆ ತಿರುಗಿ, “ಭಾವ, ಇದರ ಎಳೆಯುವ ಕಣ್ಣು ಎಲ್ಲಿದೆ?” ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅವರೇ ಡಿಕ್ಕಿಯನ್ನು ತೆಗೆದು, ಸ್ಟೆಪ್ನಿಯ ಪಕ್ಕದ ಚೀಲದಿಂದ ಒಂದು ಕಬ್ಬಿಣದ ಕಡ್ಡಿಯನ್ನು ತೆಗೆದರು. ಒಂದು ತುದಿಯಲ್ಲಿ ಉಂಗುರ, ಇನ್ನೊಂದರಲ್ಲಿ ತಿರುಪು. ನಾಲ್ಕು ವರ್ಷಗಳಿಂದ ಅದನ್ನು ಜಾಕಿನ ಒಂದು ಭಾಗವೆಂದು ನಂಬಿಕೊಂಡಿದ್ದೆ. ಬಂಪರಿನಲ್ಲಿದ್ದ ಒಂದು ಪುಟ್ಟ ಮುಚ್ಚಳವನ್ನು ತೆಗೆದು ಅವರು ಅದನ್ನು ಒಳಗೆ ತಿರುಪಿದರು, ಎಡಕ್ಕೆ. ಎಷ್ಟೋ ಕಾರುಗಳಲ್ಲಿ ಈ ತಿರುಪು ಎಡಮುಖವಂತೆ. ಇದೆಲ್ಲ ಕಾರಿನ ಜೊತೆಗೆ ಕೊಟ್ಟ ಪುಸ್ತಕದಲ್ಲಿದೆ. ಹಳಗನ್ನಡದ ಪಾಠಾಂತರಗಳಿಗಾಗಿ ಅಹೋರಾತ್ರಿ ಕಣ್ಣು ನೋಯಿಸಿಕೊಳ್ಳುವ ನಾನು ಆ ಪುಸ್ತಕದ ರಟ್ಟನ್ನು ಕೂಡ ಬಿಡಿಸಿರಲಿಲ್ಲ.

ಆಮೇಲೆ ಅವರು ಎಳೆಯುವ ಕೆಲಸವನ್ನು ಆರಂಭಿಸಲೇ ಇಲ್ಲ. ಮೊದಲು ಗುದ್ದಲಿ ಹಿಡಿದು ಗಾಲಿಗಳ ಮುಂದಿನ ಕೆಸರನ್ನು ಇಳಿಜಾರಾಗಿ ಕೆತ್ತಿಸಿದರು, ಕಲ್ಲು ಹಾಕಿಸಿದರು, ಅದರ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಹಾಸಿಸಿದರು. “ಈ ಕಣ್ಣು ಕೆಟ್ಟ ಕಾರನ್ನು ರಸ್ತೆಯಲ್ಲಿ ಎಳೆದೊಯ್ಯಲು ಮಾಡಿದ್ದು, ಹೂತ ಕಾರನ್ನು ಕೀಳಲು ಮಾಡಿದ್ದಲ್ಲ. ಅದರ ಭಾರವನ್ನು ನಾವು ಕಡಮೆ ಮಾಡಿಕೊಡಬೇಕು” ಎಂದರು. ಎಳೆಯುವುದು ಬೇರೆ, ಕೀಳುವುದು ಬೇರೆ ಎಂಬ ಭೇದವನ್ನು ಭಾಷಾಶಾಸ್ತ್ರದ ಯಾವ ಗ್ರಂಥದಲ್ಲಿಯೂ ನಾನು ಅಷ್ಟು ಸ್ಪಷ್ಟವಾಗಿ ಓದಿದ್ದಿಲ್ಲ.

ಜೀಪಿನ ಹಿಂಬದಿಯಲ್ಲಿ ಒಂದು ಮಾವಿನ ಮರವಿತ್ತು. ಅಂಗೈಯಗಲದ ಪಟ್ಟಿಯೊಂದನ್ನು ಅದರ ಬುಡಕ್ಕೆ ಸುತ್ತಿ ಜೀಪನ್ನು ಅದಕ್ಕೆ ಕಟ್ಟಿದರು. ಏಕೆಂದು ಕೇಳಿದೆ. ಕೆಸರಿನಲ್ಲಿ ಕಾರು ಮೇಲೆ ಬರುವುದರ ಬದಲು ಜೀಪೇ ಕಾರಿನ ಕಡೆಗೆ ಜಾರಿಹೋಗಬಹುದಂತೆ. ಅಗಲವಾದ ಪಟ್ಟಿ ಏಕೆಂದರೆ, ತಂತಿಹಗ್ಗವನ್ನೇ ಸುತ್ತಿದರೆ ಮರದ ತೊಗಟೆ ಸೀಳುತ್ತದೆ, ಹಗ್ಗವೂ ಕೆಡುತ್ತದೆ. ಪಟ್ಟಿಯ ಎರಡು ತುದಿಗಳನ್ನು ಕೂಡಿಸಲು ಕುದುರೆಲಾಳದಂತಹ ಒಂದು ಶ್ಯಾಕಲ್. ಅದರ ಮೈಮೇಲೆ ಅಚ್ಚೊತ್ತಿದ ಅಂಕೆಯನ್ನು ತೋರಿಸಿದರು: ನಾಲ್ಕು ಮುಕ್ಕಾಲು ಟನ್. ಮುಕ್ಕಾಲು ಅಂಗುಲ ದಪ್ಪದ ಶ್ಯಾಕಲ್ಲಿಗೆ ನಿಶ್ಚಿಂತೆಯಿಂದ ಹೊರಿಸಬಹುದಾದ ಭಾರ ಅದು. ಅಂಕೆಯಿಲ್ಲದ ಕಬ್ಬಿಣವನ್ನು ಭಾವ ಮನೆಯ ಗೇಟಿಗೆ ಹಾಕುತ್ತಾರೆಯೇ ಹೊರತು ವಿಂಚಿಗೆ ಹಾಕುವುದಿಲ್ಲ. ಅದರ ಮೊಳೆಯನ್ನು ಪೂರ್ತಿ ತಿರುಪಿ, ಬಳಿಕ ಸ್ವಲ್ಪ ಸಡಿಲಿಸಿದರು. ಇಲ್ಲದಿದ್ದರೆ ಭಾರ ಬಿದ್ದ ಮೇಲೆ ಬಿಗಿದುಕೊಂಡು ಬಿಚ್ಚಲು ಬಾರದು.

ಚರ್ಮದ ಕೈಚೀಲ ತೊಟ್ಟು ವಿಂಚಿನ ಹಗ್ಗವನ್ನು ಎಳೆದು ತಂದು ಕಾರಿನ ಕಣ್ಣಿಗೆ ನೇರವಾಗಿ ಸಿಕ್ಕಿಸಿದರು. ಆಗ ನಾನು ನೋಡಿದೆ: ಎಡಗೈಯ ಚೀಲದಲ್ಲಿ ಎರಡು ಬೆರಳುಗಳ ಜಾಗ ಖಾಲಿಯಾಗಿ ಜೋತುಬಿದ್ದಿತ್ತು. ಒಂಬತ್ತು ವರ್ಷಗಳ ನಂಟಸ್ತಿಕೆಯಲ್ಲಿ ಆ ಕೈಯನ್ನು ಎಷ್ಟು ಸಲ ನೋಡಿಲ್ಲ! ಅಡಿಕೆ ಸುಲಿಯುವ ಕತ್ತಿಯ ಕೆಲಸವಿರಬೇಕೆಂದುಕೊಂಡಿದ್ದೆ, ಕೇಳಿರಲಿಲ್ಲ. ಅಂದು ಕೇಳಿದೆ. “ಡ್ರಮ್ಮಿಗೆ ಹಗ್ಗ ಸರಿಯಾಗಿ ಸುತ್ತಿಕೊಳ್ಳಲಿ ಎಂದು ಕೈಯಿಂದ ದಾರಿ ತೋರಿಸಿದೆ. ಹಗ್ಗಕ್ಕೆ ಬೆರಳೂ ಒಂದೇ, ದಾರವೂ ಒಂದೇ” ಎಂದರು. ಅಷ್ಟೇ. ಆ ದಿನ ಅವರ ಜೊತೆಗೆ ಯಾರಿದ್ದರು, ಆಸ್ಪತ್ರೆಗೆ ಎಷ್ಟು ಮೈಲಿ ನಡೆದರು ಎಂಬುದನ್ನು ಶ್ರೀಮತಿ ಆಮೇಲೆ ಹೇಳಿದಳು. ಅವಳಿಗೆ ಆಗ ಹತ್ತು ವರ್ಷ. ಕೈಗೆ ಸುತ್ತಿದ್ದ ಪಂಚೆ ಕೆಂಪಾಗಿದ್ದುದು ಅವಳಿಗೆ ಇನ್ನೂ ನೆನಪಿದೆಯಂತೆ.

ಹಗ್ಗ ಬಿಗಿಯುವ ಮೊದಲು ಅದರ ನಡುಭಾಗದ ಮೇಲೆ ಒಂದು ಒದ್ದೆ ಕಂಬಳಿಯನ್ನು ಹೊದಿಸಿದರು. ಮಳೆಗೆ ಮನುಷ್ಯ ಕಂಬಳಿ ಹೊದೆಯುವುದನ್ನು ಬಲ್ಲೆ. ಹಗ್ಗಕ್ಕೆ ಹೊದಿಸಿದ್ದನ್ನು ಅಂದೇ ಕಂಡದ್ದು. ಹಗ್ಗ ಹರಿದರೆ ಕಂಬಳಿಯ ಭಾರ ಅದನ್ನು ನೆಲಕ್ಕೆ ತಗ್ಗಿಸುತ್ತದೆ. ಎಲ್ಲರನ್ನೂ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿದರು. ಬಿಗಿದ ಹಗ್ಗವನ್ನು ದಾಟಿ ಬರಲು ಹೊರಟ ಒಬ್ಬ ಮುದುಕನನ್ನು ಗಟ್ಟಿಯಾಗಿ ಗದರಿದರು. ಭಾವ ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಜೀಪಿನ ಎಂಜಿನ್ ನಡೆಯುತ್ತಲೇ ಇತ್ತು, ಇಲ್ಲದಿದ್ದರೆ ವಿಂಚು ಬ್ಯಾಟರಿಯನ್ನು ಹೀರಿಬಿಡುತ್ತದೆ. ಗುಂಡಿ ಒತ್ತಿದರು. ಅಂಗುಲ ಅಂಗುಲವಾಗಿ, ಮದುವಣಗಿತ್ತಿ ಮಂಟಪಕ್ಕೆ ಬರುವಂತೆ, ನನ್ನ ಕಾರು ಚರಂಡಿಯಿಂದ ಮೇಲೆ ಬಂದಿತು. ಸದ್ದಿಲ್ಲ, ಜಗ್ಗಾಟವಿಲ್ಲ. ನೆರೆದಿದ್ದ ಹುಡುಗರಿಗೆ ನಿರಾಸೆಯೇ ಆಗಿರಬೇಕು.

ಅಂದು ರಾತ್ರಿ ಜಗಲಿಯಲ್ಲಿ ಕುಳಿತು, ನಿದ್ದೆ ಬಾರದ ಕಾರಣ, ಭಾವನವರನ್ನು ಕಾಡಿ ಕಾಡಿ ಕೇಳಿದೆ. ನೈಲಾನ್ ಹಗ್ಗ ಕೆಟ್ಟದ್ದೆ? ಅಲ್ಲವಂತೆ. ನೈಲಾನ್ ಹಿಗ್ಗುತ್ತದೆ, ಹೂತ ವಾಹನವನ್ನು ಇನ್ನೊಂದು ವಾಹನದಿಂದ ಕೀಳಲೆಂದೇ ಮಾಡಿದ ನೈಲಾನ್ ಪಟ್ಟಿಗಳು ಉದ್ದದ ಐದನೆಯ ಒಂದು ಪಾಲಿನಷ್ಟು ಹಿಗ್ಗಿ, ಎಳೆತವನ್ನು ರಬ್ಬರಿನಂತೆ ಮೆತ್ತಗೆ ಮುಟ್ಟಿಸುತ್ತವೆ. ಆದರೆ ಹಿಗ್ಗಿದ್ದರಲ್ಲಿ ಶಕ್ತಿ ಕೂಡಿಕೊಂಡಿರುತ್ತದೆ. ಎರಡರಷ್ಟು ಹಿಗ್ಗಿಸಿದರೆ ನಾಲ್ಕರಷ್ಟು ಶಕ್ತಿ ಎಂಬ ಲೆಕ್ಕ ಹೈಸ್ಕೂಲಿನಲ್ಲಿ ನಾನೂ ಬರೆದು ಅಂಕ ಪಡೆದಿದ್ದೆ. ಆ ಶಕ್ತಿಯ ತುದಿಯಲ್ಲಿ ಒಂದು ಸಡಿಲ ಕೊಕ್ಕೆಯನ್ನು ಕಟ್ಟಿದರೆ ಅದು ಕವಣೆಕಲ್ಲು. ಮೇಲಾಗಿ ನಾನು ಗಂಟುಹಾಕಿದ್ದೆ; ಗಂಟಿದ್ದಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲವಂತೆ. ಗಂಟು ಹರಿದಿದ್ದರೆ ಕೊಕ್ಕೆಯ ಬದಲು ಹಗ್ಗ ಟ್ರ್ಯಾಕ್ಟರಿನ ಹುಡುಗನ ಬೆನ್ನಿಗೆ ಬೀಸುತ್ತಿತ್ತು. ಇದನ್ನು ಅವರು ಹೇಳಿದಾಗ ನನಗೆ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಅಲ್ಲಿಯವರೆಗೆ ನನ್ನ ಮಗಳನ್ನಷ್ಟೇ ಯೋಚಿಸಿದ್ದೆ.

ವಿಂಚಿನ ವಿಷಯದಲ್ಲಿ ಇನ್ನೂ ಎಷ್ಟೋ ಹೇಳಿದರು. ಅದರ ಮೇಲೆ ಬರೆದ ಬಲ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ ಸತ್ಯ. ಹಗ್ಗ ಪದರ ಪದರವಾಗಿ ಸುತ್ತಿಕೊಂಡಂತೆ ಬಲ ಕುಗ್ಗುತ್ತದೆ. ಹಾಗೆಂದು ಹಗ್ಗವನ್ನು ಪೂರ್ತಿ ಬಿಚ್ಚಬಾರದು, ತಂತಿಹಗ್ಗವಾದರೆ ಐದು ಸುತ್ತಾದರೂ ಉಳಿದಿರಬೇಕು. ಈಚೆಗೆ ಬಂದಿರುವ ಡೈನೀಮಾದಂತಹ ನೂಲಿನ ಹಗ್ಗಗಳು ನೀರಿನಲ್ಲಿ ತೇಲುವಷ್ಟು ಹಗುರ, ಹರಿದರೂ ತಂತಿಯಷ್ಟು ಬೀಸುವುದಿಲ್ಲ. ಆದರೆ ಬಿಸಿಲು, ಉಜ್ಜಾಟ ಅವಕ್ಕೆ ಆಗದು. ಅಡಿಕೆ ತುಂಬಿದ ಲಾರಿಯಂಥದು ಹೂತರೆ ಪಕ್ಕದಲ್ಲಿ ತೆರೆದುಕೊಳ್ಳುವ ಒಂದು ರಾಟೆಯನ್ನು ಲಾರಿಗೆ ಕಟ್ಟಿ, ಹಗ್ಗವನ್ನು ಅದರೊಳಗೆ ಹಾಯಿಸಿ, ತುದಿಯನ್ನು ಮರಳಿ ಒಂದು ಮರಕ್ಕೆ ಬಿಗಿಯುತ್ತಾರೆ. ಎಳೆತ ಸುಮಾರು ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಬಾವಿಯ ರಾಟೆಯನ್ನು ದಿನವೂ ನೋಡಿ ಬೆಳೆದ ನನಗೆ ಇದು ಹೊಳೆಯದೆ ಹೋಯಿತಲ್ಲ! ವಿದ್ಯುತ್ತಿಲ್ಲದ ಟಿರ್ಫರ್ ಎಂಬ ಕೈಯಂತ್ರವೂ ಒಂದುಂಟು. ಅದರೊಳಗಿನ ಎರಡು ದವಡೆಗಳು, ಒಂದು ಹಿಡಿದಾಗ ಒಂದು ಬಿಟ್ಟು, ಕೊಡ ಸೇದುವ ಹೆಂಗಸಿನ ಎರಡು ಕೈಗಳಂತೆ ಹಗ್ಗವನ್ನು ಎಳೆಯುತ್ತವೆ.

ನನಗಾದ ಅಪಮಾನಕ್ಕೆ ಒಂದು ಸಮಾಧಾನವೂ ಓದಿನಲ್ಲಿ ಸಿಕ್ಕಿತು. ಕೆಟ್ಟ ಕಾರನ್ನು ಎತ್ತಿ ಎಳೆಯುವ ಲಾರಿಯನ್ನು ಮೊದಲು ಕಟ್ಟಿದವನು ಅಮೆರಿಕದ ಟೆನೆಸಿ ಪ್ರಾಂತದ ಚಟಾನೂಗ ಪಟ್ಟಣದ ಅರ್ನೆಸ್ಟ್ ಹೋಮ್ಸ್, ಕಾಲ 1916. ಹಳ್ಳಕ್ಕೆ ಬಿದ್ದ ಪರಿಚಿತರೊಬ್ಬರ ಕಾರನ್ನು ಹಗ್ಗ, ರಾಟೆ, ಆಳುಗಳಿಂದ ಮೇಲೆ ತರುವುದರಲ್ಲಿ ಸಾಕುಬೇಕಾಗಿ, ತನ್ನ 1913ರ ಕ್ಯಾಡಿಲ್ಯಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂಡಿಸಿದನಂತೆ. ಆ ಊರಿನಲ್ಲಿ ಇಂತಹ ಲಾರಿಗಳಿಗೇ ಒಂದು ವಸ್ತುಸಂಗ್ರಹಾಲಯವಿದೆ. ಹಳ್ಳಕ್ಕೆ ಕಾರನ್ನು ಕೆಡವಿದ ಆ ಮಹನೀಯರು ಯಾರು ಎನ್ನುತ್ತೀರಿ? ಹೋಮ್ಸನಿಗೆ ಹಿಂದೆ ಪಾಠ ಹೇಳಿದ್ದ ಅಧ್ಯಾಪಕರು ಎಂದು ಕಥೆ ಹೇಳುತ್ತಾರೆ. ಇದನ್ನು ಶ್ರೀಮತಿಗೆ ಓದಿ ಹೇಳಿದೆ. “ನಿಮ್ಮ ಕುಲವೇ ಹಾಗೆ” ಎಂದಳು.

ಕಾರನ್ನು ಚರಂಡಿಯಿಂದ ಎತ್ತಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಭಾವ ಬಿಟ್ಟಿರಲಿಲ್ಲ. ಕೆಸರುನೀರು ಒಳಗೆ ಹೋಗಿದೆಯೋ ಏನೋ ಎಂಬ ಅನುಮಾನ. ಹಿಗ್ಗದ ಪಾಲಿಯೆಸ್ಟರ್ ಪಟ್ಟಿಯಿಂದ ಜೀಪಿಗೆ ಕಟ್ಟಿ ಮನೆಯವರೆಗಿನ ಒಂದು ಮೈಲಿ ಎಳೆದೊಯ್ದರು. ಎರಡು ವಾಹನಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರವಿರಬಾರದು, ಗಂಟೆಗೆ 24 ಕಿಲೋಮೀಟರಿಗಿಂತ ವೇಗ ಕೂಡದು ಎಂದು 1989ರ ರಸ್ತೆ ನಿಯಮಗಳಲ್ಲಿಯೇ ಹೇಳಿತ್ತು. ಆ ದಾರಿಯಲ್ಲಿ 24 ಎಂಬುದು ವಿಮಾನದ ವೇಗ. ನಾನು ಕಾರಿನಲ್ಲಿ ಕುಳಿತು ಚಕ್ರ ತಿರುಗಿಸಬೇಕಾಗಿತ್ತು. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕು ಎರಡು ಸಲ ಒತ್ತುವಷ್ಟರಲ್ಲಿ ಕಲ್ಲಿನಂತಾಗುತ್ತದೆ, ಚಕ್ರ ಬಂಡೆಯಂತಾಗುತ್ತದೆ. ಕೀಲಿಯನ್ನು ತೆಗೆದುಬಿಟ್ಟರಂತೂ ಚಕ್ರ ಬೀಗ ಹಾಕಿಕೊಳ್ಳುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ಒಡೆದ ಗಾಜಿನಿಂದ ಮಳೆ ಮುಖಕ್ಕೆ ಬಡಿಯುತ್ತಿತ್ತು. ಪಕ್ಕದ ಆಸನದಲ್ಲಿ ಕೊಕ್ಕೆ ಇನ್ನೂ ಹಾಗೆಯೇ ಇತ್ತು. ಯಾರಿಗೂ ಅದನ್ನು ಕೀಳಲು ಮನಸ್ಸು ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಟ್ರ್ಯಾಕ್ಟರಿನ ಹುಡುಗ ಬಂದ. ಪಂಚೆಯ ತುದಿಯಲ್ಲಿ ಪೇರಲೆ ಹಣ್ಣು ಕಟ್ಟಿಕೊಂಡು ಬಂದಿದ್ದ. ಅಂಗಳದಲ್ಲಿಯೇ ನಿಂತು, “ಮಗು ಎಲ್ಲಿ?” ಎಂದ. ಮಗಳು ಹೊರಗೆ ಬಂದಳು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಣ್ಣುಗಳನ್ನು ಜಗಲಿಯ ಮೇಲಿಟ್ಟ. ಒಳಗೆ ಬಂದು ಹಬ್ಬದ ಊಟ ಮಾಡಿಕೊಂಡು ಹೋಗೆಂದು ಅತ್ತೆಯವರು ಎಷ್ಟು ಕರೆದರೂ ಒಲ್ಲೆನೆಂದ. ಭಾವ ಒಳಗೆ ಹೋಗಿ ತಮ್ಮಲ್ಲಿದ್ದ ಇನ್ನೊಂದು ಪಟ್ಟಿಯನ್ನೂ ಎರಡು ಶ್ಯಾಕಲ್ಲುಗಳನ್ನೂ ತಂದು ಅವನ ಕೈಗಿಟ್ಟರು. ಅವನು ಶ್ಯಾಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಅದರ ಮೇಲಿನ ಅಂಕೆ ಏನೆಂದು ಕೇಳಿದ. ಭಾವ ನನ್ನ ಕಡೆ ನೋಡಿದರು. ನಾನು ಜಗಲಿಯಿಂದ ಇಳಿದುಹೋಗಿ ಅವನಿಗೆ ಅದನ್ನು ಓದಿ ಹೇಳಿದೆ.