ಪರರ ಕಾವಲು, ನಮ್ಮ ಭಯ

‘ದಿ ಎಕ್ಸಾರ್ಸಿಸ್ಟ್’ ಎಂಬ 1973ರ ಅಮೆರಿಕನ್ ಚಲನಚಿತ್ರವನ್ನು ನಾನು ಮೊದಲು ನೋಡಿದ್ದು ಕಾಲೇಜು ದಿನಗಳಲ್ಲಿ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ. ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ಅಂದು ನನ್ನನ್ನು ನಡುಗಿಸಿದ್ದು ದೆವ್ವ ಹಿಡಿದ ಬಾಲಕಿಯ ವಿಕಾರಗಳು. ಈ ಸಲ ಮನಸ್ಸನ್ನು ಕಾಡಿದ್ದು ಆರಂಭದ ಕೆಲವೇ ನಿಮಿಷಗಳು.

ಅವು ಉತ್ತರ ಇರಾಕಿನಲ್ಲಿ, ಹತ್ರಾ ನಗರದ ಅವಶೇಷಗಳ ನಡುವೆ ಚಿತ್ರಿತವಾದವು. ಊರಿನ ಕೂಲಿಗಳು ಸುಡುಬಿಸಿಲಿನಲ್ಲಿ ನೆಲ ಅಗೆಯುತ್ತಾರೆ. ಸಿಕ್ಕಿದ್ದನ್ನು ಪರೀಕ್ಷಿಸುವವನು ಪಾಶ್ಚಾತ್ಯನಾದ ವೃದ್ಧ ಪಾದ್ರಿ. ಅವನ ಕೈಗೆ ಒಂದು ಪುಟ್ಟ ತಲೆ ಬರುತ್ತದೆ. ಬಳಿಕ ಅದೇ ಮುಖದ ದೊಡ್ಡ ವಿಗ್ರಹವೊಂದಕ್ಕೆ ಅವನು ಎದುರಾಗಿ ನಿಲ್ಲುತ್ತಾನೆ. ಅದು ಪಜುಜು. ಮುಂದಿನ ಅನಿಷ್ಟವೆಲ್ಲ ಆ ಮಣ್ಣಿನಿಂದಲೇ ಎದ್ದು ವಾಷಿಂಗ್ಟನ್ನಿನ ಮನೆಯೊಂದನ್ನು ಹೊಕ್ಕಿತೆಂದು ನಾವು ತಿಳಿಯಬೇಕು.

ಪ್ರಾಚೀನ ಮೆಸೊಪೊಟೇಮಿಯದ ಜನರಿಗೆ ಪಜುಜು ಉಗ್ರನೇ ಹೌದು, ಕೆಟ್ಟ ಗಾಳಿಗಳ ಒಡೆಯ. ಆದರೆ ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ಪೀಡಿಸುವ ಲಮಷ್ತು ಎಂಬ ಪಿಶಾಚಿಯನ್ನು ಓಡಿಸಬಲ್ಲವನು ಅವನೆಂದು ನಂಬಿ, ಅವನ ತಲೆಯ ತಾಯಿತಗಳನ್ನು ಧರಿಸುತ್ತಿದ್ದರು. ಮಗುವಿನ ಕಾವಲಿಗೆ ನಿಂತವನನ್ನೇ ಚಿತ್ರವು ಮಗುವನ್ನು ಹಿಡಿದ ದೆವ್ವವಾಗಿಸಿದೆ! ನಿರ್ದೇಶಕ ಫ್ರೀಡ್ಕಿನ್ನರಲ್ಲಿ ನನಗೆ ದುರುದ್ದೇಶ ಕಾಣುವುದಿಲ್ಲ. ಕಿರಿಯ ಪಾದ್ರಿಯು ಆ ಬಾಲಕಿಗಾಗಿ ಪ್ರಾಣ ತೆರುವಲ್ಲಿ ನನ್ನ ಕಣ್ಣು ತೇವಗೊಂಡಿತು; ಆ ಶ್ರದ್ಧೆ ಸುಳ್ಳಲ್ಲ. ಆದರೂ 1920ರಿಂದ 1932ರವರೆಗೆ ಬ್ರಿಟಿಷರ ಆಡಳಿತಾದೇಶದಲ್ಲಿದ್ದ, ಅದಕ್ಕೂ ಮೊದಲೇ ತನ್ನ ಶಿಲ್ಪಗಳನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳೆದುಕೊಂಡಿದ್ದ ನೆಲವದು. ಅಲ್ಲಿಯವರ ನಂಬಿಕೆ ಏನಿತ್ತೆಂದು ಚಿತ್ರದಲ್ಲಿ ಯಾರೂ ಕೇಳುವುದಿಲ್ಲ.

ಕೇಳದವರಲ್ಲಿ ನಾನೂ ಒಬ್ಬ. ನಮ್ಮದು ತುಳುನಾಡಿನ ಜೈನ ಗುತ್ತಿನ ಮನೆ. ಬಸದಿಯಲ್ಲಿ ತೀರ್ಥಂಕರರು, ಅಂಗಳದಾಚೆ ಪಂಜುರ್ಲಿಯ ಗುಡಿ. ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ ನಮ್ಮ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದಾಗ ಅವುಗಳಿಗೆ ಕೊಟ್ಟ ಶೀರ್ಷಿಕೆಯ ಅರ್ಥ ‘ತುಳುವರ ಪಿಶಾಚಾರಾಧನೆ’. ಸಂಗ್ರಹಿಸಿದ್ದು ಉಪಕಾರವೇ, ಹೆಸರು ಮಾತ್ರ ಅವರದು.

ಆ ಹೆಸರನ್ನು ನಾನೂ ಬಳಸಿದೆ. ಕ್ಯಾಸೆಟ್ಟು ನೋಡಿದ ವರ್ಷವೇ ಪಟ್ಟಣದ ಗೆಳೆಯನೊಬ್ಬ ರಜೆಗೆ ಮನೆಗೆ ಬಂದಿದ್ದ. ಗುಡಿಯನ್ನು ತೋರಿಸಿ ಏನೆಂದು ಕೇಳಿದಾಗ, “ದೆವ್ವದ ಗುಡಿ, ಕೆಲಸದಾಳುಗಳ ನಂಬಿಕೆ” ಎಂದೆ. ನೇಮದ ದಿನ ದೈವದ ಮುಂದೆ ಮೊದಲು ಕೈಮುಗಿದು ನಿಲ್ಲುತ್ತಿದ್ದವರು ಅಜ್ಜನೇ. ಅವರು ಚಾವಡಿಯಲ್ಲೇ ಕುಳಿತಿದ್ದರು. ನನ್ನ ಮಾತು ಕೇಳಿಸದೆ ಇರಲಿಲ್ಲ. ಏನೂ ಅನ್ನಲಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಬಸದಿಗೆ ಹೋಗಿ ಬಂದು, ದೀಪ ಹಿಡಿದು ಗುಡಿಯತ್ತ ನಡೆದರು. ಮಳೆಗಾಲದ ನೆಲ ಜಾರುತ್ತಿತ್ತು. ಬೇರೆ ದಿನಗಳಲ್ಲಿ ಅವರ ಕೈ ಹಿಡಿದು ಹೋಗುತ್ತಿದ್ದವನು ನಾನು. ಅಂದು ಹೋಗಲಿಲ್ಲ.